ಹಿತ್ತಲಿನ ಹಳೆಯ ಸೀಬೆ ಮರವನ್ನು ಸವರುವ ಕ್ರಮ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿತ್ತಲಿರುವ ಮನೆಗೆ ಸಾಮಾನ್ಯವಾಗಿ ಒಂದಾದರೂ ಸೀಬೆ ಮರವಿರುತ್ತದೆ. ಬಚ್ಚಲ ನೀರು ಹರಿದು ಹೋಗುವ ಕಡೆ, ಬಾವಿಯ ಬದಿಯಲ್ಲಿ ಅಥವಾ ದನದ ಕೊಟ್ಟಿಗೆಯ ಹಿಂದೆ ಹಿರಿಯರು ಯಾರೋ ನೆಟ್ಟದ್ದು. ಇಲ್ಲವೆ ಹಕ್ಕಿ ತಿಂದು ಹಾಕಿದ ಬೀಜದಿಂದ ತಾನಾಗಿ ಹುಟ್ಟಿದ್ದು. ಮೊದಲ ಕೆಲವು ವರ್ಷ ಕೈಗೆಟಕುವಂತೆ ಹಣ್ಣು ಕೊಡುತ್ತದೆ. ಬಳಿಕ ಮರ ಮೇಲೆ ಮೇಲೆ ಹೋಗಿ, ಕೆಳಗಿನ ರೆಂಬೆಗಳು ಬೋಳಾಗಿ, ಹಣ್ಣೆಲ್ಲ ನೆತ್ತಿಯಲ್ಲಿ ಬಿಡತೊಡಗುತ್ತದೆ. ಅಲ್ಲಿ ಬಿಟ್ಟದ್ದು ಗಿಳಿಗೆ, ಬಾವಲಿಗೆ ಮತ್ತು ಅಳಿಲಿಗೆ. ಮನೆಯವರಿಗೆ ಸಿಗುವುದು ಕೊಳೆತು ಉದುರಿದ ಹುಳುಕು ಕಾಯಿ ಮಾತ್ರ. ಸೀಬೆಯ ತೊಗಟೆ ನುಣುಪಾದ್ದರಿಂದ ಮಳೆಗಾಲದಲ್ಲಿ ಕಾಲು ಜಾರುತ್ತದೆ. ಹಣ್ಣಿಗೆಂದು ಹತ್ತಿದ ಮಕ್ಕಳು ಬಿದ್ದು ಕೈಕಾಲು ಮುರಿದುಕೊಳ್ಳುವುದೂ ಉಂಟು. ಕೊನೆಗೆ ಒಂದು ದಿನ ‘ಈ ಮರದಿಂದ ಏನು ಪ್ರಯೋಜನ’ ಎಂದು ಬುಡಕ್ಕೆ ಕೊಡಲಿ ಬೀಳುತ್ತದೆ.

ಹೀಗೆ ಕಡಿಸಿಕೊಳ್ಳುವ ಮರಗಳಲ್ಲಿ ಹೆಚ್ಚಿನವು ಇನ್ನೂ ಎಷ್ಟೋ ವರ್ಷ ಫಲ ಕೊಡಬಲ್ಲವು. ಬುಡ ಗಟ್ಟಿಯಾಗಿದ್ದು ಬೇರು ಆರೋಗ್ಯವಾಗಿದ್ದರೆ ಸಾಕು. ನಮ್ಮ ಹಣ್ಣಿನ ಮರಗಳಲ್ಲಿ ಕತ್ತರಿಗೆ ಸೀಬೆಯಷ್ಟು ಚೆನ್ನಾಗಿ ಓಗೊಡುವ ಮರ ಇನ್ನೊಂದಿಲ್ಲವೆಂದೇ ಹೇಳಬಹುದು. ಆದರೆ ಕತ್ತರಿ ಹಾಕುವುದು ಅರ್ಧ ಕೆಲಸ ಮಾತ್ರ. ಉಳಿದರ್ಧ ಆಮೇಲೆ ಬರುವ ಚಿಗುರನ್ನು ನೋಡಿಕೊಳ್ಳುವುದು. ಈ ಎರಡನೆಯ ಕೆಲಸವನ್ನು ಮರೆತವರೇ ‘ಸವರಿದೆವು, ಪೊದೆ ಬೆಳೆಯಿತು, ಕಾಯಿ ಬಿಡಲಿಲ್ಲ’ ಎನ್ನುವುದು.

ಸೀಬೆಯಲ್ಲಿ ಹೂ ಬರುವುದೆಲ್ಲಿ?

ಸವರುವ ಮುನ್ನ ಇದನ್ನು ಅರಿತಿರಬೇಕು. ಸೀಬೆಯಲ್ಲಿ ಹೂ ಬರುವುದು ಹೊಸ ಚಿಗುರಿನಲ್ಲಿ. ಹಳೆಯ ರೆಂಬೆಯಿಂದ ಈ ಸಲ ಹೊರಟ ಎಳೆಯ ಕುಡಿಯ ಮೊದಲ ಕೆಲವು ಜೋಡಿ ಎಲೆಗಳ ಕಂಕುಳಲ್ಲಿ ಒಂದೊಂದಾಗಿ, ಕೆಲವು ಸಲ ಎರಡು ಮೂರಾಗಿ ಮೊಗ್ಗು ಕಾಣಿಸುತ್ತದೆ. ಹೊಸ ಚಿಗುರಿಲ್ಲದಿದ್ದರೆ ಹೂವಿಲ್ಲ. ಚಿಗುರು ಬರಲು ಬಿಸಿಲು ಬೇಕು. ಸವರದೆ ಬಿಟ್ಟ ಮರದಲ್ಲಿ ಬಿಸಿಲು ನೆತ್ತಿಗಷ್ಟೇ ತಾಕುವುದರಿಂದ ಚಿಗುರು, ಹೂ, ಹಣ್ಣು ಎಲ್ಲವೂ ನೆತ್ತಿ ಸೇರುತ್ತವೆ. ನಡುವಿನ ಮತ್ತು ಕೆಳಗಿನ ರೆಂಬೆಗಳು ನೆರಳಿನಲ್ಲಿ ಒಣಗುತ್ತವೆ. ಮರ ಮುದಿಯಾಯಿತೆಂದು ನಾವು ತಿಳಿಯುವುದು ಅನೇಕ ಸಲ ವಯಸ್ಸಿನ ಲಕ್ಷಣವಲ್ಲ, ಕತ್ತಲೆಯ ಲಕ್ಷಣ.

ಇನ್ನೊಂದು ಅನುಕೂಲವೆಂದರೆ ಸೀಬೆಯ ದಪ್ಪ ರೆಂಬೆಗಳಲ್ಲಿ, ಬೊಡ್ಡೆಯಲ್ಲಿ ಕೂಡ, ತೊಗಟೆಯ ಕೆಳಗೆ ಮಲಗಿದ ಮೊಗ್ಗುಗಳಿರುತ್ತವೆ. ಮೇಲಿನ ಭಾಗ ಹೋದೊಡನೆ ಅವು ಎಚ್ಚರಗೊಂಡು ಚಿಗುರುತ್ತವೆ. ನೇರಳೆ, ನೀಲಗಿರಿ, ಲವಂಗ ಇವೆಲ್ಲ ಸೀಬೆಯ ಕುಟುಂಬಕ್ಕೇ ಸೇರಿದವು. ಕಡಿದ ನೀಲಗಿರಿಯ ಬೊಡ್ಡೆ ಮತ್ತೆ ಮತ್ತೆ ಕೂಳೆ ಹೊಡೆಯುವುದನ್ನು ನಮ್ಮ ರೈತರು ಬಲ್ಲರು. ಆ ಗುಣ ಸೀಬೆಗೂ ಇದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹಣ್ಣಿನ ಮರ ಸವರುವ ಬಗ್ಗೆ ಪುಸ್ತಕಗಳಲ್ಲಿ ಬರುವ ಚಿತ್ರಗಳು ಹೆಚ್ಚಾಗಿ ಚಳಿ ದೇಶದ ಸೇಬು ಮತ್ತು ಮರಸೇಬುಗಳವು. ಮರಸೇಬು ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರೆ ಹೋಗುತ್ತದೆ; ಆಗ ಅದನ್ನು ಸವರುತ್ತಾರೆ. ಅದರ ಹಣ್ಣು ಕಟ್ಟುವುದು ಎರಡು ಮೂರು ವರ್ಷ ಬಲಿತ ಗಿಡ್ಡ ಕವಲುಗಳಲ್ಲಿ. ಅವನ್ನು ಕಡಿದರೆ ಫಸಲೇ ಹೋಗುತ್ತದೆ. ಸೀಬೆ ನಿದ್ರೆ ಹೋಗುವ ಮರವಲ್ಲ, ಹಳೆಯ ಕಡ್ಡಿಯಲ್ಲಿ ಹಣ್ಣು ಬಿಡುವುದೂ ಇಲ್ಲ. ಪೋರ್ಚುಗೀಸರು ಅಮೆರಿಕದಿಂದ ಸೀಬೆಯನ್ನು ತಂದಾಗ ಮರಸೇಬಿನ ಹೆಸರನ್ನೇ ಅದಕ್ಕೂ ಹಚ್ಚಿದರು. ಉತ್ತರ ಕರ್ನಾಟಕದವರ ಪೇರಲ, ಕರಾವಳಿಯವರ ಪೇರಳೆ ಆ ಮಾತಿನಿಂದ ಬಂದವು. ಹಿಂದಿಯ ‘ಅಮರೂದ್’ ಕೂಡ ಪಾರಸಿಯಲ್ಲಿ ಮರಸೇಬಿನ ಹೆಸರು. ಎರಡಕ್ಕೂ ನಂಟು ಹೆಸರಿನಲ್ಲಿ ಮಾತ್ರ. ಕತ್ತರಿ ಹಿಡಿದಾಗ ಈ ನಂಟನ್ನು ನಂಬಬಾರದು.

ಯಾವ ಮಳೆಗೆ ಸವರಬೇಕು?

ದಕ್ಷಿಣ ಭಾರತದಲ್ಲಿ ಸೀಬೆಗೆ ವರ್ಷಕ್ಕೆ ಮೂರು ಹೂವಿನ ಕಾಲಗಳುಂಟು. ಮಾವು ಹೂ ಬಿಡುವ ಫೆಬ್ರವರಿ-ಮಾರ್ಚ್‌ನಲ್ಲಿ ಬಂದ ಹೂ ಮಳೆಗಾಲದ ಹಣ್ಣಾಗುತ್ತದೆ. ಮೃಗಶಿರ-ಆರಿದ್ರೆಯ ಹೊತ್ತಿಗೆ ಬಂದದ್ದು ನವೆಂಬರ್‌ನಿಂದ ಜನವರಿಯವರೆಗೆ ಕೊಯ್ಲಿಗೆ ಬರುತ್ತದೆ. ಹಸ್ತ-ಚಿತ್ತೆಯ ಹೊತ್ತಿನ ಹೂ ಬೇಸಿಗೆಯ ಮೊದಲಲ್ಲಿ ಹಣ್ಣಾಗುತ್ತದೆ. ಮಳೆಗಾಲದ ಹಣ್ಣು ನೀರು ನೀರು, ಸಪ್ಪೆ. ಹಣ್ಣು ನೊಣದ ಹುಳು ಬೀಳುವುದೂ ಅದಕ್ಕೇ ಹೆಚ್ಚು. ಚಳಿಗಾಲದ ಹಣ್ಣೇ ಸಿಹಿ, ಗಟ್ಟಿ, ಪರಿಮಳವುಳ್ಳದ್ದು. ಸವರುವ ಕಾಲವನ್ನು ಸರಿಯಾಗಿ ಆರಿಸಿದರೆ ಮಳೆಗಾಲದ ಕಳಪೆ ಫಸಲನ್ನು ಬಿಟ್ಟು ಚಳಿಗಾಲದ ಫಸಲನ್ನು ಹೆಚ್ಚಿಸಿಕೊಳ್ಳಬಹುದು.

ನಮ್ಮ ಭಾಗಕ್ಕೆ ಒಪ್ಪುವ ಕಾಲ ಏಪ್ರಿಲ್ ಕೊನೆಯಿಂದ ಮೇ ತಿಂಗಳು. ಅಂದರೆ ಭರಣಿ, ಕೃತ್ತಿಕೆ ಮಳೆಗಳು. ಒಂದೆರಡು ಹದ ಮಳೆ ಬಿದ್ದು ನೆಲ ತಂಪಾದ ಮೇಲೆ ಕೆಲಸ ಹಿಡಿಯಬೇಕು. ಮಾರ್ಚ್‌ನ ಉರಿಬಿಸಿಲಿನಲ್ಲಿ ನೀರಿಲ್ಲದೆ ಕಡಿದರೆ ಇದುವರೆಗೆ ನೆರಳಿನಲ್ಲಿದ್ದ ತೆಳು ತೊಗಟೆ ಸುಟ್ಟು ಸೀಳುತ್ತದೆ. ತಡಮಾಡಿ ಜುಲೈನಲ್ಲಿ ಕಡಿದರೆ ಬಿಡದೆ ಸುರಿಯುವ ಸೋನೆಯಲ್ಲಿ ಗಾಯ ಒಣಗದೆ ಕೊಳೆಯುತ್ತದೆ.

ನಾಲ್ಕು ತಾಲ್ಲೂಕುಗಳಿಗೂ ಒಂದೇ ದಿನಾಂಕ ಹೊಂದುವುದಿಲ್ಲ. ಅರಕಲಗೂಡು ತಾಲ್ಲೂಕಿನ ಪಶ್ಚಿಮ ಭಾಗ ಮಲೆನಾಡಿನ ಸೆರಗು. ಅಲ್ಲಿ ಮುಂಗಾರಿನ ಸೋನೆ ಬೇಗ ಹಿಡಿದುಕೊಳ್ಳುವುದರಿಂದ ಕೃತ್ತಿಕೆ ಮಳೆಯ ಮೊದಲರ್ಧದೊಳಗೆ ಕೆಲಸ ಮುಗಿಸಿ ಗಾಯಕ್ಕೆ ಮೂರು ನಾಲ್ಕು ವಾರ ಒಣ ಹವೆ ಸಿಗುವಂತೆ ನೋಡಿಕೊಳ್ಳಬೇಕು. ಹಾಸನ ಮತ್ತು ಹೊಳೆನರಸೀಪುರದ ಕಡೆ ಮೇ ಕೊನೆಯವರೆಗೆ ಅವಕಾಶವುಂಟು. ಚನ್ನರಾಯಪಟ್ಟಣದ ಕಡೆ ಬಯಲುಸೀಮೆಯ ಹವೆ. ರೋಹಿಣಿ ಮಳೆಯಲ್ಲಿ ಸವರಿದರೂ ಅಡ್ಡಿಯಿಲ್ಲ. ಆದರೆ ಮಳೆ ಕೈಕೊಟ್ಟರೆ ವಾರಕ್ಕೊಮ್ಮೆ ನಾಲ್ಕೈದು ಕೊಡ ನೀರು ಹಾಕಲು ಸಿದ್ಧವಿರಬೇಕು. ಹೇಮಾವತಿ ನಾಲೆಯ ಬದಿಯ ಊರುಗಳಲ್ಲಿ ನೆಲದಲ್ಲಿ ತೇವ ನಿಲ್ಲುವುದರಿಂದ ಈ ಚಿಂತೆ ಕಡಿಮೆ. ಅಲ್ಲಿನ ತೊಂದರೆ ಬೇರೆ: ಬುಡದಲ್ಲಿ ನೀರು ನಿಂತ ಮರಕ್ಕೆ ಮೊದಲು ಬಸಿಗಾಲುವೆ ಬೇಕು, ಕತ್ತರಿ ಆಮೇಲೆ.

ಮರವನ್ನು ಮೊದಲು ನೋಡಿ

ಗರಗಸ ತೆಗೆದುಕೊಳ್ಳುವ ಮುನ್ನ ಮರವನ್ನು ಸುತ್ತಲಿಂದ ನೋಡಬೇಕು. ಎಲೆ ಹಳದಿ ತಿರುಗಿ, ತುದಿಯಿಂದ ಕಡ್ಡಿಗಳು ಒಂದೊಂದಾಗಿ ಒಣಗುತ್ತ, ಕಾಯಿ ಬೆಳೆಯದೆ ಮರದಲ್ಲೇ ಕಪ್ಪಾಗಿ ನಿಂತಿದ್ದರೆ ಅದು ಸೊರಗು ರೋಗವಿರಬಹುದು. ಅಂಥ ಮರ ಸವರಿದರೆ ಉಳಿಯುವುದಿಲ್ಲ. ಅದಕ್ಕೆ ಬಳಸಿದ ಗರಗಸವನ್ನು ಇನ್ನೊಂದು ಮರಕ್ಕೆ ಹಚ್ಚಲೂ ಬಾರದು. ಬೊಡ್ಡೆಯಿಂದ ಮೂರಡಿ ದೂರದಲ್ಲಿ ಒಂದು ಗೇಣು ಅಗೆದು ಸಣ್ಣ ಬೇರುಗಳನ್ನೂ ನೋಡಿರಿ. ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರರಿಗೆ ಬೇರುಗಂಟು ಹುಳುವಿನ ಪರಿಚಯ ಚೆನ್ನಾಗಿದೆ. ಅದೇ ಬಗೆಯ ಗಂಟುಗಳು ಸೀಬೆಯ ಬೇರಿನಲ್ಲೂ ಕಾಣಬಹುದು. ಗಂಟು ವಿಪರೀತವಾಗಿದ್ದರೆ ಸವರಲು ಹೊರಡದೆ ಬೇರಿನ ಮಾದರಿಯೊಂದಿಗೆ ಹಾಸನದ ಬಳಿ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳುವುದು ಮೇಲು.

ಬೊಡ್ಡೆಯ ಕವಲುಗಳಲ್ಲಿ ಹಿಕ್ಕೆ ಮತ್ತು ಬಲೆ ಸೇರಿ ಕಂದುಬಣ್ಣದ ಪಟ್ಟಿಯಂತೆ ಅಂಟಿಕೊಂಡಿದ್ದರೆ ಅದು ತೊಗಟೆ ತಿನ್ನುವ ಹುಳುವಿನ ಕೆಲಸ. ಪಟ್ಟಿಯನ್ನು ಉಜ್ಜಿ ತೆಗೆದು, ಒಳಗಿನ ರಂಧ್ರಕ್ಕೆ ತಂತಿ ಚುಚ್ಚಿ ಹುಳುವನ್ನು ಕೊಂದು, ಸೀಮೆಎಣ್ಣೆಯಲ್ಲಿ ನೆನೆಸಿದ ಹತ್ತಿ ತುರುಕಿ ಮಣ್ಣು ಮೆತ್ತಬೇಕು. ಬಂದಳಿಕೆ ಹಿಡಿದಿದ್ದರೆ ಎಲೆ ಮಾತ್ರ ಕಿತ್ತರೆ ಸಾಲದು. ಅದು ಅಂಟಿದ ಜಾಗಕ್ಕಿಂತ ಒಂದಡಿ ಕೆಳಗೆ ರೆಂಬೆಯನ್ನೇ ಕತ್ತರಿಸಬೇಕು.

ಮರ ಟೊಳ್ಳಾಗಿದ್ದು ಉಳಿಯುವ ಭರವಸೆ ಇಲ್ಲ, ಆದರೆ ಹಣ್ಣಿನ ರುಚಿ ಮನೆಯವರಿಗೆಲ್ಲ ಪ್ರಿಯ ಎಂದಿಟ್ಟುಕೊಳ್ಳಿ. ಬೀಜ ಹಾಕಿದರೆ ಅದೇ ಹಣ್ಣು ಬರುವುದೆಂಬ ಖಾತ್ರಿಯಿಲ್ಲ. ಮಳೆಗಾಲದಲ್ಲಿ ಪೆನ್ಸಿಲ್ ಗಾತ್ರದ ಬಲಿತ ಕಡ್ಡಿಯಿಂದ ಒಂದು ಅಂಗುಲ ಅಗಲ ತೊಗಟೆಯನ್ನು ಉಂಗುರದಂತೆ ಸುಲಿದು, ಒದ್ದೆ ಪಾಚಿ ಅಥವಾ ತೆಂಗಿನ ನಾರಿನ ಪುಡಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದರೆ ಒಂದೂವರೆ ಎರಡು ತಿಂಗಳಲ್ಲಿ ಬೇರು ಬಿಡುತ್ತದೆ. ಈ ಗೂಟಿ ಗಿಡ ತಾಯಿಮರದ ಗುಣವನ್ನೇ ಪಡೆದಿರುತ್ತದೆ. ಅಲಹಾಬಾದ್ ಸಫೇದ, ಲಕ್ನೋ-49, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೃದುಲ, ಅರ್ಕಾ ಕಿರಣ್ ಮುಂತಾದ ಒಳ್ಳೆಯ ತಳಿಗಳು ಇಂದು ಬೇಕಾದಷ್ಟಿವೆ. ಆದರೂ ಅಜ್ಜ ನೆಟ್ಟ ಮರದ ರುಚಿ ಬೇಕೆನ್ನುವವರಿಗೆ ಗೂಟಿಯೇ ದಾರಿ. ಕಡಿಯುವ ನಿರ್ಧಾರವಾಗಿದ್ದರೂ ಒಂದು ಮಳೆಗಾಲ ತಡೆದು ಗೂಟಿ ಕಟ್ಟಿಕೊಳ್ಳಿರಿ.

ಎಷ್ಟು ಕಡಿಯಬೇಕು?

ದೊಡ್ಡ ತೋಟಗಳಲ್ಲಿ ಹಳೆಯ ಸೀಬೆ ಮರಗಳನ್ನೆಲ್ಲ ನೆಲದಿಂದ ಒಂದು ಒಂದೂವರೆ ಮೀಟರ್ ಎತ್ತರಕ್ಕೆ ಒಂದೇ ಸಲ ಕತ್ತರಿಸಿ ಹೊಸದಾಗಿ ಬೆಳೆಸುವ ಪದ್ಧತಿಯುಂಟು. ಸೀಬೆ ಅದನ್ನು ತಾಳಿಕೊಳ್ಳುತ್ತದೆ. ಹಿತ್ತಲಿನಲ್ಲಿರುವುದು ಒಂದೇ ಮರ, ಅದರ ಹಣ್ಣಿಗೆ ಕಾದಿರುವ ಮಕ್ಕಳಿದ್ದಾರೆ ಎಂದರೆ ಮೂರು ವರ್ಷಗಳಲ್ಲಿ ಹಂತ ಹಂತವಾಗಿ ಇಳಿಸುವುದೇ ನಮ್ಮ ಮಟ್ಟಿಗೆ ಉಚಿತ. ಆಗ ಯಾವ ವರ್ಷವೂ ಹಣ್ಣು ಪೂರ್ತಿ ತಪ್ಪುವುದಿಲ್ಲ, ತೊಗಟೆಗೆ ಒಮ್ಮೆಲೇ ಬಿಸಿಲು ಬೀಳುವುದಿಲ್ಲ. ಮರ ಹೇಗೆ ಓಗೊಡುತ್ತದೆಂದು ನೋಡಿ ಮುಂದುವರಿಯಬಹುದು.

ಮೊದಲ ವರ್ಷ ಮುಟ್ಟಬೇಕಾದದ್ದು ನಡುವಿನ, ಎಲ್ಲಕ್ಕಿಂತ ಎತ್ತರದ ರೆಂಬೆಗಳನ್ನು. ಬದಿಯ ರೆಂಬೆ ಕಡಿದು ನಡುವಿನದನ್ನು ಬಿಟ್ಟರೆ ಕಡಿದ ಮೋಟಿನ ಮೇಲೆ ನೆರಳು ಬಿದ್ದು ಚಿಗುರು ಬಡವಾಗುತ್ತದೆ. ನಡು ತೆರೆದರೆ ಮರದ ಹೊಟ್ಟೆಯೊಳಗೆ ಬಿಸಿಲು ಇಳಿಯುತ್ತದೆ. ಉಳಿದ ರೆಂಬೆಗಳ ಕೆಳಭಾಗದಲ್ಲೂ ಚಿಗುರು ಏಳುತ್ತದೆ. ಒಟ್ಟು ದಪ್ಪ ರೆಂಬೆಗಳಲ್ಲಿ ಮೂರರಲ್ಲೊಂದು ಪಾಲನ್ನು ಈ ವರ್ಷ ನಾಲ್ಕು ಐದಡಿ ಎತ್ತರಕ್ಕೆ ತರಬೇಕು. ಎರಡನೆಯ ವರ್ಷ ಮತ್ತೊಂದು ಪಾಲು, ಮೂರನೆಯ ವರ್ಷ ಕೊನೆಯದು. ಒಣಗಿದ್ದು, ಒಂದರ ಮೇಲೊಂದು ಉಜ್ಜುವುದು, ಒಳಮುಖವಾಗಿ ಬೆಳೆದದ್ದು, ಬುಡದ ಸುತ್ತ ಬೇರಿನಿಂದ ಎದ್ದ ಕುಡಿಗಳು, ಇವನ್ನೆಲ್ಲ ಮೊದಲ ವರ್ಷವೇ ತೆಗೆದುಬಿಡಬಹುದು. ಕಸಿ ಗಿಡವಾಗಿದ್ದರೆ ಕಸಿಯ ಗಂಟಿನ ಕೆಳಗಿನ ಚಿಗುರನ್ನು ಎಂದಿಗೂ ಉಳಿಸಬಾರದು.

ಕಡಿಯುವ ಕೈಗೆ ನಾಲ್ಕು ಮಾತು

ಮಚ್ಚಿನಿಂದ ಕೊಚ್ಚುವುದು ನಮ್ಮಲ್ಲಿ ರೂಢಿ. ಸೀಬೆ ಗಟ್ಟಿ ನಾರಿನ ಮರ. ಹುಡುಗರು ಕ್ಯಾಟರ್‌ಬಿಲ್ಲಿಗೆ ಸೀಬೆಯ ಕವಲನ್ನೇ ಹುಡುಕುವುದು ಸುಮ್ಮನೆ ಅಲ್ಲ. ಮಚ್ಚಿನ ಏಟಿಗೆ ಅದು ಕತ್ತರಿಸುವುದಕ್ಕಿಂತ ಸೀಳುವುದೇ ಹೆಚ್ಚು; ಸೀಳಿದಲ್ಲಿ ನೀರು ನಿಂತು ಕೊಳೆ ಇಳಿಯುತ್ತದೆ. ಹೆಬ್ಬೆರಳಿಗಿಂತ ದಪ್ಪಗಿರುವುದಕ್ಕೆಲ್ಲ ಗರಗಸವನ್ನೇ ಬಳಸಬೇಕು. ತೆಳುವಾದವಕ್ಕೆ ಕಾಫಿ ತೋಟದಲ್ಲಿ ಬಳಸುವ ಕತ್ತರಿ ಸಾಕು. ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಕಾಫಿ ಸವರಿ ಪಳಗಿದವರು ಊರಿನಲ್ಲಿದ್ದರೆ ಅವರನ್ನು ಕರೆಯುವುದು ಜಾಣತನ. ಯಾವ ಚಿಗುರು ಉಳಿಸಬೇಕು, ಯಾವುದನ್ನು ಮುರಿಯಬೇಕು ಎಂಬ ಕಣ್ಣು ಅವರಿಗೆ ಇರುತ್ತದೆ.

ಭಾರವಾದ ರೆಂಬೆಯನ್ನು ಒಂದೇ ಪೆಟ್ಟಿಗೆ ಮೇಲಿನಿಂದ ಕೊಯ್ದರೆ ಅರ್ಧಕ್ಕೆ ಬರುವಷ್ಟರಲ್ಲಿ ಅದು ತನ್ನ ಭಾರಕ್ಕೇ ಜಗ್ಗಿ, ಬೊಡ್ಡೆಯ ತೊಗಟೆಯನ್ನು ಮಾರುದ್ದ ಸುಲಿದುಕೊಂಡು ಬೀಳುತ್ತದೆ. ಆದ್ದರಿಂದ ಮೂರು ಸಲ ಕೊಯ್ಯಬೇಕು. ಬೇಕಾದ ಜಾಗದಿಂದ ಒಂದಡಿ ಆಚೆ, ಕೆಳಗಿನಿಂದ ಮೂರರಲ್ಲೊಂದು ಭಾಗ ಮೊದಲು. ಅಲ್ಲಿಂದ ಎರಡು ಅಂಗುಲ ಇನ್ನೂ ಆಚೆ ಮೇಲಿನಿಂದ ಪೂರ್ತಿ. ರೆಂಬೆ ತೊಗಟೆ ಸುಲಿಯದೆ ಬೀಳುತ್ತದೆ. ಉಳಿದ ಮೋಟನ್ನು ಕೊನೆಗೆ ಕೈಯಲ್ಲಿ ಹಿಡಿದು ಕೊಯ್ಯಬಹುದು. ರೆಂಬೆಯನ್ನು ಬುಡಸಮೇತ ತೆಗೆಯುವುದಾದರೆ ಅದು ಬೊಡ್ಡೆಗೆ ಸೇರುವ ಕಡೆ ಬಳೆಯಂತೆ ಉಬ್ಬಿದ ಭಾಗವಿರುತ್ತದೆ. ಗಾಯ ಮುಚ್ಚುವ ಹೊಸ ತೊಗಟೆ ಹುಟ್ಟುವುದು ಅಲ್ಲಿಂದ. ಅದನ್ನು ಕೊಯ್ಯದೆ ಅದರ ಆಚೆಗೆ ಹೊಂದಿಸಿ ಕತ್ತರಿಸಬೇಕು. ಎತ್ತರಕ್ಕೆ ಇಳಿಸಿದ ಮೋಟುಗಳ ಮೈಯನ್ನು ಸ್ವಲ್ಪ ಓರೆಯಾಗಿ ಕೊಯ್ದರೆ ನೀರು ನಿಲ್ಲುವುದಿಲ್ಲ. ವಿದ್ಯುತ್ ತಂತಿಯ ಹತ್ತಿರದ ರೆಂಬೆಗೆ ಮಾತ್ರ ಲೈನ್‌ಮನ್ ಬಂದು ವಿದ್ಯುತ್ ನಿಲ್ಲಿಸುವವರೆಗೆ ಕೈ ಹಾಕಬಾರದು.

ಕೊಯ್ದ ದಿನವೇ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಒಂದು ಮರಕ್ಕೆ ಒಂದು ಲೀಟರ್ ಧಾರಾಳ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಕರಗಿಸಿರಿ; ಕಬ್ಬಿಣದ ಪಾತ್ರೆ ಬೇಡ. 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಅರಳಿಸಿ, ತಣಿದ ಮೇಲೆ ಮೈಲುತುತ್ತದ ನೀರನ್ನು ಅದಕ್ಕೆ ಸುರಿಯುತ್ತ ಕಲಕಿರಿ. ಹೊಳಪಿನ ಚಾಕುವಿನ ಅಲಗನ್ನು ಅದರಲ್ಲಿ ಅದ್ದಿದಾಗ ತಾಮ್ರದ ಕೆಂಪು ಅಂಟಿದರೆ ಇನ್ನಷ್ಟು ಸುಣ್ಣ ಬೇಕು. ಅಡಿಕೆಗೆ ಔಷಧಿ ಹೊಡೆಸುವವರಿಗೆ ಇದೆಲ್ಲ ಗೊತ್ತಿರುವುದೇ. ಕಲಸಿದ್ದನ್ನು ಅಂದೇ ಬಳಸಬೇಕು. ಬಿಸಿಲಿಗೆ ತೆರೆದುಕೊಂಡ ಬೊಡ್ಡೆ ಮತ್ತು ಮೋಟುಗಳ ಮೈಗೆ ತಿಳಿ ಸುಣ್ಣ ಬಳಿದರೆ ತೊಗಟೆ ಸುಡುವುದಿಲ್ಲ.

ಚಿಗುರು ಬಂದ ಮೇಲೆ

ಮೂರು ನಾಲ್ಕು ವಾರಗಳಲ್ಲಿ ಮೋಟಿನ ಸುತ್ತ ಗೊಂಚಲು ಗೊಂಚಲಾಗಿ ಚಿಗುರು ಒಡೆಯುತ್ತದೆ. ನೋಡಲು ಸಂತೋಷ, ಆದರೆ ಎಲ್ಲವನ್ನೂ ಬಿಟ್ಟರೆ ಎರಡು ವರ್ಷದಲ್ಲಿ ಹಿಂದಿಗಿಂತ ದಟ್ಟವಾದ ಪೊದೆಯಾಗುತ್ತದೆ. ಚಿಗುರು ಒಂದು ಗೇಣು ಉದ್ದವಾದಾಗ ಪ್ರತಿ ಮೋಟಿಗೆ ಹೊರಮುಖವಾದ, ಗಟ್ಟಿಯಾದ, ಒಂದಕ್ಕೊಂದು ದೂರವಿರುವ ನಾಲ್ಕೈದನ್ನು ಮಾತ್ರ ಉಳಿಸಿ ಮಿಕ್ಕವನ್ನು ಕೈಯಿಂದಲೇ ಮುರಿದು ಹಾಕಬೇಕು. ಮನಸ್ಸಿಗೆ ಒಗ್ಗದ ಕೆಲಸವೆಂದು ಬಿಡಬಾರದು. ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಮತ್ತೆ ನೋಡಿ, ಹೊಸದಾಗಿ ಎದ್ದವನ್ನು ತೆಗೆಯುತ್ತಿರಬೇಕು.

ಉಳಿಸಿದ ಚಿಗುರುಗಳು ನಾಲ್ಕೈದು ತಿಂಗಳಲ್ಲಿ 40 ರಿಂದ 50 ಸೆಂ.ಮೀ., ಸುಮಾರು ಒಂದು ಮೊಳ, ಬೆಳೆಯುತ್ತವೆ. ಆಗ ಪ್ರತಿಯೊಂದನ್ನೂ ಅರ್ಧಕ್ಕೆ ಕತ್ತರಿಸಬೇಕು. ಬೆಳೆದದ್ದನ್ನು ಮತ್ತೆ ಕಡಿಯುವುದೇಕೆ ಎನಿಸಬಹುದು. ತುದಿ ಇರುವವರೆಗೆ ಚಿಗುರು ನೆಟ್ಟಗೆ ಮೇಲೇರುತ್ತಲೇ ಹೋಗುತ್ತದೆ. ತುದಿ ಹೋದರೆ ಕೆಳಗಿನ ಎಲೆಗಳ ಕಂಕುಳಿಂದ ಪಕ್ಕದ ಕುಡಿಗಳು ಹೊರಡುತ್ತವೆ. ಹೂ ಬರುವುದು ಆ ಕುಡಿಗಳಲ್ಲೇ. ಮೇ ತಿಂಗಳಲ್ಲಿ ಸವರಿದ ಮೋಟಿನಲ್ಲಿ ಹೀಗೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅರ್ಧ ಕತ್ತರಿಸಿದರೆ ಬೇಸಿಗೆಯ ಮೊದಲಿಗೆ ಒಂದಿಷ್ಟು ಹಣ್ಣು ಕಾಣಬಹುದು. ಮುಂದಿನ ಮೇನಲ್ಲಿ ಅದೇ ಕೊಂಬೆಗಳ ಹೊಸ ಬೆಳವಣಿಗೆಯನ್ನು ಮತ್ತೆ ಅರ್ಧಕ್ಕಿಳಿಸಿದರೆ ಜುಲೈ ಹೊತ್ತಿಗೆ ಹೂ, ಚಳಿಗಾಲದಲ್ಲಿ ಸರಿಯಾದ ಫಸಲು. ಅಲ್ಲಿಂದಾಚೆ ಪ್ರತಿ ವರ್ಷ ಮೇನಲ್ಲಿ ಒಂದು ಗಂಟೆಯ ಕೆಲಸ. ಗರಗಸ ಮತ್ತೆ ಬೇಕಾಗುವುದಿಲ್ಲ.

ನೆಟ್ಟಗೆ ಏರಿದ ಉದ್ದ ಕೊಂಬೆಯೊಂದು ಒಳ್ಳೆಯ ಜಾಗದಲ್ಲಿದ್ದರೆ ಅದನ್ನು ಕಡಿಯುವ ಬದಲು ಬಗ್ಗಿಸಲೂಬಹುದು. ತೆಂಗಿನ ಹಗ್ಗ ಕಟ್ಟಿ, ನಿಧಾನವಾಗಿ ಅಡ್ಡಕ್ಕೆ ಎಳೆದು ನೆಲದ ಗೂಟಕ್ಕೆ ಬಿಗಿದರೆ ಕೊಂಬೆಯ ಉದ್ದಕ್ಕೂ ಮಲಗಿದ್ದ ಮೊಗ್ಗುಗಳು ಎದ್ದು ಹೂ ಕಟ್ಟುತ್ತವೆ. ಹಗ್ಗ ತೊಗಟೆಯನ್ನು ಕೊಯ್ಯದಂತೆ ಗೋಣಿ ಚೂರು ಸುತ್ತಬೇಕು.

ಗೊಬ್ಬರದ ವಿಷಯದಲ್ಲಿ ಕೈ ತಡೆದಿರಲಿ. ಮೇಲಿನ ಭಾಗ ಕಡಿಮೆಯಾಗಿ ಬೇರು ಅಷ್ಟೇ ಉಳಿದಿರುವುದರಿಂದ ಮೊದಲ ಚಿಗುರಿಗೆ ಶಕ್ತಿ ತಾನಾಗಿಯೇ ಹೆಚ್ಚು. ಆಗ ಯೂರಿಯ ಸುರಿದರೆ ಚಾಟಿಯಂತೆ ಉದ್ದುದ್ದ, ಜೊಳ್ಳು ಚಿಗುರು ಬರುತ್ತದೆ. ಮೊದಲ ವರ್ಷ ಎರಡು ಮೂರು ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಒಂದೆರಡು ಕಿಲೋ ಬೇವಿನ ಹಿಂಡಿ ಸಾಕು. ಅದನ್ನು ಬೊಡ್ಡೆಗೆ ಒತ್ತಿ ಹಾಕದೆ, ಸವರುವ ಮುನ್ನ ಎಲೆಯ ನೀರು ತೊಟ್ಟಿಕ್ಕುತ್ತಿದ್ದ ಸುತ್ತಳತೆಯಲ್ಲಿ ಮಣ್ಣಿಗೆ ಸೇರಿಸಬೇಕು. ಬಚ್ಚಲ ನೀರು ಹರಿಯುವ ಮರವಾದರೆ ಸೋಪಿನ ನೀರು ಬುಡದಲ್ಲೇ ನಿಲ್ಲದಂತೆ ಕಾಲುವೆ ತಿರುಗಿಸಿರಿ.

ಎಳೆ ಚಿಗುರು ಮನುಷ್ಯರಿಗಿಂತ ಮೊದಲು ಕೀಟಗಳ ಕಣ್ಣಿಗೆ ಬೀಳುತ್ತದೆ. ಟೀ ಸೊಳ್ಳೆ ಎಂದು ಕರೆಯುವ ತಿಗಣೆ ರಸ ಹೀರಿದರೆ ಚಿಗುರಿನ ತುದಿ ಕಪ್ಪಾಗಿ ಒಣಗುತ್ತದೆ, ಕಾಯಿಯ ಮೇಲೆ ಕಜ್ಜಿಯಂಥ ಚುಕ್ಕೆ ಏಳುತ್ತದೆ. ಬೆಳಗ್ಗೆ ಅಥವಾ ಸಂಜೆ ಬೇವಿನೆಣ್ಣೆ ಸಿಂಪಡಿಸುವುದು ಹಿತ್ತಲಿಗೆ ತಕ್ಕ ಉಪಾಯ. ಹಿಟ್ಟು ತಿಗಣೆ ಕಂಡ ಕುಡಿಯನ್ನು ಕತ್ತರಿಸಿ ಸುಟ್ಟುಬಿಡಿ. ಹಣ್ಣು ನೊಣಕ್ಕೆ ಉದುರಿದ ಕಾಯಿಗಳನ್ನು ಪ್ರತಿದಿನ ಆರಿಸಿ ಎರಡಡಿ ಆಳಕ್ಕೆ ಹೂಳುವುದೇ ಮುಖ್ಯ ಚಿಕಿತ್ಸೆ. ಮೀಥೈಲ್ ಯೂಜೆನಾಲ್ ಇಟ್ಟ ಮೋಹಕ ಬಲೆ ಸಿಕ್ಕಿದರೆ ಗಂಡು ನೊಣಗಳು ಅದರಲ್ಲಿ ಬೀಳುತ್ತವೆ. ಮರ ತಗ್ಗಿರುವುದರಿಂದ ಇನ್ನೊಂದು ಅನುಕೂಲವುಂಟು: ನಿಂಬೆ ಗಾತ್ರದ ಕಾಯಿಗೆ ಹಳೆಯ ಕಾಗದದ ಚೀಲವನ್ನು ನೆಲದ ಮೇಲೆ ನಿಂತೇ ಕಟ್ಟಬಹುದು. ನೊಣ, ಗಿಳಿ ಎರಡರಿಂದಲೂ ಹಣ್ಣು ಉಳಿಯುತ್ತದೆ.

ಸೀಬೆಯಲ್ಲಿ ಕೈ ಪಳಗಿದವರು ಅದೇ ಗರಗಸವನ್ನು ಪಕ್ಕದ ಸಪೋಟಕ್ಕೂ ಮಾವಿಗೂ ಹಚ್ಚಲು ಹೊರಡುವುದುಂಟು. ಸಪೋಟ ನಿಧಾನವಾಗಿ ಬೆಳೆಯುವ ಮರ. ಅದರಲ್ಲಿ ಒಣಕಲು ಮತ್ತು ತೀರ ಒಳಗಿನ ನೆರಳಿನ ಕಡ್ಡಿಗಳನ್ನು ಮಾತ್ರ ತೆಗೆಯಬೇಕು. ಮಾವು ಹೂ ಬಿಡುವುದು ಹಿಂದಿನ ಹಂಗಾಮಿನಲ್ಲಿ ಬಲಿತ ಕಡ್ಡಿಯ ತುದಿಯಲ್ಲಿ. ಭಾರಿಯಾಗಿ ಕಡಿದರೆ ಎರಡು ಮೂರು ವರ್ಷ ಹಣ್ಣಿನ ಆಸೆ ಬಿಡಬೇಕು, ಕಾಂಡಕೊರಕದ ಕಾಟವನ್ನೂ ಎದುರಿಸಬೇಕು. ಆ ಎರಡು ಮರಗಳಿಗೆ ಈ ಲೇಖನದ ಅಳತೆಗಳನ್ನು ಬಳಸಬಾರದು.